ಊರಿಂದ ಬ್ರಿಟನ್ನಿಗೆ ಉಡುಗೊರೆ ಕಳಿಸುವಾಗ: ಕಸ್ಟಮ್ಸ್ ಸುಂಕ, ವ್ಯಾಟ್ ಮತ್ತು ಒಂದು ಫಾರಂ

ನಾನು ಇಂಗ್ಲೆಂಡಿಗೆ ಬಂದ ಮೊದಲ ವರ್ಷ, ದೀಪಾವಳಿಗೆ ಅಮ್ಮ ಶಿವಮೊಗ್ಗದಿಂದ ಒಂದು ಪಾರ್ಸೆಲ್ ಕಳಿಸಿದ್ದರು. ನನಗೊಂದು ಸೀರೆ, ನಮ್ಮವರಿಗೆ ಜುಬ್ಬ, ಮಗಳಿಗೆ ಲಂಗ-ಬ್ಲೌಸು. ಸಂದಿಗೊಂದಿಯಲ್ಲಿ ಸಾರಿನ ಪುಡಿ, ಹಲಸಿನ ಹಪ್ಪಳ. ಪಾರ್ಸೆಲ್ ಬರುತ್ತೆ ಅಂತ ಕಾದರೆ ಬಂದದ್ದು ಬೂದು ಬಣ್ಣದ ಒಂದು ಕಾರ್ಡ್. ಹಣ ಕಟ್ಟಿದರೆ ಮಾತ್ರ ಪಾರ್ಸೆಲ್ ಕೊಡುತ್ತೇವೆ ಅಂತ ಅದರಲ್ಲಿತ್ತು. ಸುಮಾರು 29 ಪೌಂಡ್. ಆಗ ಅದು ನಮಗೆ ಒಂದು ವಾರದ ತರಕಾರಿ, ಹಾಲಿನ ದುಡ್ಡು. ಅಮ್ಮನಿಗೆ ಗೊತ್ತಾದರೆ ನೊಂದುಕೊಳ್ಳುತ್ತಾರೆ ಅಂತ ನಾನು ಹೇಳಲೇ ಇಲ್ಲ.

ಪೆಟ್ಟಿಗೆ ಮನೆಗೆ ತಂದ ಮೇಲೆ ಮೇಲಿದ್ದ ಕಸ್ಟಮ್ಸ್ ಫಾರಂ ಓದಿದೆ. ವಿವರ ಬರೆಯುವ ಜಾಗದಲ್ಲಿ ಎರಡೇ ಪದ: 'ಗಿಫ್ಟ್ ಐಟಮ್ಸ್'. ಬೆಲೆ: 9,000 ರೂಪಾಯಿ. ಅಷ್ಟೇ. ಅದೇ ಪೆಟ್ಟಿಗೆ, ಅದೇ ಬಟ್ಟೆ, ಅದೇ ಬೆಲೆ ಇಟ್ಟುಕೊಂಡು ಒಬ್ಬೊಬ್ಬರದನ್ನೂ ಬೇರೆ ಬೇರೆ ಕಟ್ಟಿ ಫಾರಂ ವಿವರವಾಗಿ ಬರೆದಿದ್ದರೆ ನಾವು ಒಂದು ಪೆನ್ನಿಯನ್ನೂ ಕಟ್ಟಬೇಕಾಗಿರಲಿಲ್ಲ. ಸುಳ್ಳು ಬರೆಯುವುದಲ್ಲ, ನಿಜವನ್ನೇ ಪೂರ್ತಿ ಬರೆಯುವುದು. ತೆರಿಗೆ ಕಟ್ಟುವುದು ಇಲ್ಲಿ, ಆದರೆ ಅದು ಎಷ್ಟು ಅಂತ ಬಹುಮಟ್ಟಿಗೆ ತೀರ್ಮಾನವಾಗುವುದು ಊರಿನ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ. ಅದಕ್ಕೇ ಈ ಲೇಖನವನ್ನು ನೀವೂ ಓದಿ, ಊರಲ್ಲಿರುವ ಅಪ್ಪ ಅಮ್ಮನಿಗೂ ಓದಿ ಹೇಳಿ.

ಇಲ್ಲಿ ಹೇಳುವುದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ಬರುವ ಪಾರ್ಸೆಲ್‌ಗಳ ವಿಷಯ. ಉತ್ತರ ಐರ್ಲೆಂಡಿನಲ್ಲಿ ತಿಂಡಿ ಪದಾರ್ಥಗಳ ನಿಯಮ ಬೇರೆ ಇದೆ. ಲೆಕ್ಕ ಸುಲಭವಾಗಲಿ ಅಂತ ಎಲ್ಲ ಕಡೆ ಪೌಂಡಿಗೆ 110 ರೂಪಾಯಿ ಹಿಡಿದಿದ್ದೇನೆ. ನಿಜವಾದ ದರ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಮೊದಲು ಮೂರು ಸಂಖ್ಯೆ: 39, 135, 630

ಬೇರೆ ಏನು ಮರೆತರೂ ಪರವಾಗಿಲ್ಲ, 39 ಮರೆಯಬೇಡಿ. ಉಡುಗೊರೆಯ ಬೆಲೆ 39 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವ್ಯಾಟ್ (ನಮ್ಮ ಜಿಎಸ್‌ಟಿ ಥರ ವಸ್ತುಗಳ ಮೇಲೆ ಹಾಕುವ ಬ್ರಿಟನ್ನಿನ ತೆರಿಗೆ) ಇಲ್ಲ, ಕಸ್ಟಮ್ಸ್ ಸುಂಕವೂ ಇಲ್ಲ. ನಮ್ಮ ಲೆಕ್ಕದಲ್ಲಿ ಅದು 4,290 ರೂಪಾಯಿ. ರೂಪಾಯಿ ಬೆಲೆ ಏರಿಳಿಯುವುದರಿಂದ 4,000 ರೂಪಾಯಿ ಒಳಗೆ ಇಟ್ಟುಕೊಳ್ಳಿ ಅಂತ ನಾನು ಮನೆಯವರಿಗೆ ಹೇಳಿದ್ದೇನೆ.

39 ದಾಟಿದರೆ ವ್ಯಾಟ್ ಬೀಳುತ್ತದೆ. ಹೆಚ್ಚಿನ ವಸ್ತುಗಳಿಗೆ ಅದು 20%. ಇಲ್ಲಿ ತುಂಬಾ ಜನ ಎಡವುತ್ತಾರೆ. 42 ಪೌಂಡಿನ ಉಡುಗೊರೆ ಬಂದರೆ ಜಾಸ್ತಿಯಾದ 3 ಪೌಂಡಿಗೆ ಮಾತ್ರ ತೆರಿಗೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಮಿತಿ ದಾಟಿತು ಅಂದರೆ ಪೂರ್ತಿ ಬೆಲೆಗೆ ತೆರಿಗೆ. ಅದರ ಮೇಲೆ ಅಂಚೆ ಖರ್ಚು, ಪ್ಯಾಕಿಂಗ್, ವಿಮೆ ಮಾಡಿಸಿದ್ದರೆ ಅದೂ ಸೇರುತ್ತದೆ. 42 ಪೌಂಡಿನ ಉಡುಗೊರೆಗೆ 18 ಪೌಂಡ್ ಅಂಚೆ ಖರ್ಚಾಗಿದ್ದರೆ 60ಕ್ಕೆ 20%, ಅಂದರೆ 12 ಪೌಂಡ್. ಜೊತೆಗೆ ಬ್ರಿಟನ್ನಿನ ಅಂಚೆ ಸಂಸ್ಥೆ ರಾಯಲ್ ಮೇಲ್ ತೆಗೆದುಕೊಳ್ಳುವ 8 ಪೌಂಡ್ ಹ್ಯಾಂಡ್ಲಿಂಗ್ ಶುಲ್ಕ. ಒಟ್ಟು 20 ಪೌಂಡ್. ಅದೇ ಉಡುಗೊರೆ 38 ಪೌಂಡಿನದಾಗಿದ್ದರೆ ಸೊನ್ನೆ.

ಇನ್ನು 135. ಕಸ್ಟಮ್ಸ್ ಸುಂಕ ಶುರುವಾಗುವುದು ಬೆಲೆ 135 ಪೌಂಡ್ (14,850 ರೂಪಾಯಿ) ದಾಟಿದ ಮೇಲೆ. ಅಲ್ಲಿಂದ 630 ಪೌಂಡ್ ತನಕ ಉಡುಗೊರೆಗಳಿಗೆ ಸುಂಕ 2.5%. ಕೆಲವು ವಸ್ತುಗಳಿಗೆ ಅದಕ್ಕಿಂತ ಕಡಿಮೆಯೂ ಇದೆ. 630 ದಾಟಿದರೆ ಆ ವಸ್ತು ಯಾವುದು, ಎಲ್ಲಿ ತಯಾರಾದದ್ದು ಅನ್ನುವುದರ ಮೇಲೆ ದರ ನಿಂತಿದೆ. ಅಷ್ಟು ಬೆಲೆಯ ಒಡವೆ, ಸೀರೆಗಳನ್ನು ಅಂಚೆಯಲ್ಲಿ ಕಳಿಸಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಯಾರಾದರೂ ಊರಿಂದ ಬರುವಾಗ ತರಲಿ, ಅವರಿಗೂ ಮಿತಿ ಇದೆ ಅನ್ನುವುದು ನೆನಪಿರಲಿ.

ಮೈಸೂರು ಸಿಲ್ಕ್ ಸೀರೆಯ ಒಂದು ಲೆಕ್ಕ ನೋಡೋಣ. ಸೀರೆ 16,500 ರೂಪಾಯಿ, ಅಂದರೆ 150 ಪೌಂಡ್. ಅಂಚೆ ಖರ್ಚು 20 ಪೌಂಡ್. ಒಟ್ಟು 170ಕ್ಕೆ 2.5% ಸುಂಕ: 4 ಪೌಂಡ್ 25 ಪೆನ್ಸ್. ವ್ಯಾಟ್ ಹಾಕುವಾಗ ಈ ಸುಂಕವನ್ನೂ ಸೇರಿಸುತ್ತಾರೆ. ಅಂದರೆ 174.25ಕ್ಕೆ 20%: 34 ಪೌಂಡ್ 85 ಪೆನ್ಸ್. ಅದಕ್ಕೆ 8 ಪೌಂಡ್ ಶುಲ್ಕ. ಎಲ್ಲಾ ಸೇರಿ 47 ಪೌಂಡ್ 10 ಪೆನ್ಸ್, ಹತ್ತಿರ ಹತ್ತಿರ 5,180 ರೂಪಾಯಿ. ನೋಡಿ, ಇದರಲ್ಲಿ ಕಸ್ಟಮ್ಸ್ ಸುಂಕ ಅನ್ನುವುದು ಎಲ್ಲಕ್ಕಿಂತ ಸಣ್ಣದು. ಹೊರೆ ಇರುವುದು ವ್ಯಾಟ್‌ನಲ್ಲಿ. 2025ರ ಜುಲೈ 24ರಂದು ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಾಗ 'ಇನ್ನು ಊರಿಂದ ಬರೋದಕ್ಕೆಲ್ಲ ಟ್ಯಾಕ್ಸ್ ಇಲ್ಲ' ಅಂತ ವಾಟ್ಸಾಪ್‌ನಲ್ಲಿ ಓಡಾಡಿತು. ಅಂಥ ಒಪ್ಪಂದ ಕಸ್ಟಮ್ಸ್ ಸುಂಕದ ವಿಷಯ. ವ್ಯಾಟ್ ಅದರಿಂದ ಹೋಗುವುದಿಲ್ಲ.

ಅದು ನಿಜಕ್ಕೂ 'ಉಡುಗೊರೆ'ಯೇ?

ಬಣ್ಣದ ಕಾಗದ ಸುತ್ತಿದ ಮಾತ್ರಕ್ಕೆ ಕಸ್ಟಮ್ಸ್‌ನವರ ಲೆಕ್ಕದಲ್ಲಿ ಅದು ಉಡುಗೊರೆ ಆಗುವುದಿಲ್ಲ. ಒಬ್ಬ ವ್ಯಕ್ತಿ ಕೊಂಡು ಇನ್ನೊಬ್ಬ ವ್ಯಕ್ತಿಗೆ ಕಳಿಸಿರಬೇಕು. ಹುಟ್ಟುಹಬ್ಬ, ಮದುವೆಯ ದಿನ, ಹಬ್ಬ ಹೀಗೆ ಒಂದು ಸಂದರ್ಭ ಇರಬೇಕು. ಸ್ವಂತ ಬಳಕೆಗೆ ಆಗಿರಬೇಕು, ಮಾರಾಟಕ್ಕಲ್ಲ. ಫಾರಂನಲ್ಲಿ ಉಡುಗೊರೆ ಅಂತ ಬರೆದಿರಬೇಕು.

ಈಗಿನ ಕಾಲದಲ್ಲಿ ತೊಂದರೆ ಆಗುವುದು ಮೊದಲನೆಯ ಮಾತಿನಲ್ಲೇ. ಅಮ್ಮ ಬೆಂಗಳೂರಿನ ಅಂಗಡಿಯ ವೆಬ್‌ಸೈಟಿನಲ್ಲಿ ಸೀರೆ ಆರಿಸಿ, ದುಡ್ಡು ಕಟ್ಟಿ, 'ನನ್ನ ಮಗಳ ವಿಳಾಸಕ್ಕೇ ಕಳಿಸಿ' ಅನ್ನುತ್ತಾರೆ. ಕಳಿಸಿದವರು ಅಂಗಡಿಯವರು. ಹಾಗಾಗಿ ಅದನ್ನು ಮಾರಾಟದ ವಸ್ತು ಅಂತ ನೋಡುವ ಸಾಧ್ಯತೆಯೇ ಜಾಸ್ತಿ. ಆಗ 39 ಪೌಂಡಿನ ವಿನಾಯಿತಿ ಸಿಗುವುದಿಲ್ಲ. 135 ಪೌಂಡ್ ಒಳಗಿನ ಮಾರಾಟವಾದರೆ ಬ್ರಿಟನ್ನಿನ ವ್ಯಾಟನ್ನು ಅಂಗಡಿಯವರೇ ಬಿಲ್ಲಿನಲ್ಲಿ ಹಿಡಿದು ಕಟ್ಟಬೇಕು ಅಂತ ನಿಯಮ. ಆದ್ದರಿಂದ ಸೀರೆ ಮೊದಲು ಅಮ್ಮನ ಮನೆಗೆ ಬರಲಿ. ಅಮ್ಮನ ಹೆಸರಿನಲ್ಲಿ, ಅಮ್ಮನ ವಿಳಾಸದಿಂದ ಇಲ್ಲಿಗೆ ಹೊರಡಲಿ. ಒಂದು ವಾರ ತಡವಾದರೂ ಪರವಾಗಿಲ್ಲ. ಊರಿಗೆ ಹೋದಾಗ ನೀವೇ ಕೊಂಡು ನಿಮಗೇ ಪೋಸ್ಟ್ ಮಾಡಿದ ಬಟ್ಟೆಯೂ ಉಡುಗೊರೆಯಲ್ಲ.

ಪೆಟ್ಟಿಗೆ ತುಂಬುವಾಗ

ನಮ್ಮ ಆ ದೀಪಾವಳಿ ಪೆಟ್ಟಿಗೆಗೆ ವಾಪಸ್ ಬರೋಣ. ಅದರಲ್ಲಿದ್ದದ್ದು ನಿಜವಾಗಿ ಮೂರು ಜನರಿಗೆ ಮೂರು ಉಡುಗೊರೆ. ನನ್ನ ಸೀರೆ 3,800. ನಮ್ಮವರ ಜುಬ್ಬ 2,000, ಪುಡಿ-ಹಪ್ಪಳ 800. ಮಗಳ ಲಂಗ-ಬ್ಲೌಸು 2,400. ಒಂದೇ ಪಾರ್ಸೆಲ್‌ನಲ್ಲಿ ಬೇರೆ ಬೇರೆಯವರಿಗೆ ಉಡುಗೊರೆ ಇದ್ದರೆ ಪ್ರತಿಯೊಬ್ಬರಿಗೂ 39 ಪೌಂಡಿನ ವಿನಾಯಿತಿ ಬೇರೆ ಬೇರೆಯಾಗಿ ಸಿಗುತ್ತದೆ. ಅದಕ್ಕೆ ಬೇಕಾದದ್ದು ಇಷ್ಟೇ: ಒಂದೊಂದನ್ನೂ ಬೇರೆಯಾಗಿ ಸುತ್ತಿ ಮೇಲೆ ಯಾರಿಗೆ ಅಂತ ಹೆಸರು ಬರೆಯಬೇಕು. ಫಾರಂನಲ್ಲೂ ಒಂದೊಂದು ಸಾಲಿನಲ್ಲಿ ಬೇರೆ ಬೇರೆ ಬೆಲೆ ಹಾಕಬೇಕು. ಅಮ್ಮ ಎಲ್ಲವನ್ನೂ ಒಂದೇ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಜಾಗ ಉಳಿಯಲಿ ಅಂತ ಸೀರೆಯ ಮಡಿಕೆಯೊಳಗೆ ಸಾರಿನ ಪುಡಿ ತುರುಕಿದ್ದರು. ಪ್ರೀತಿಯಿಂದ ಮಾಡಿದ್ದೇ. ಆದರೆ ಕಸ್ಟಮ್ಸ್‌ನವರ ಕಣ್ಣಿಗೆ ಅದು 9,000 ರೂಪಾಯಿಯ ಒಂದೇ ಗಂಟು.

ಈಗ ಅಮ್ಮ ಮೂರು ಬಟ್ಟೆ ಚೀಲ ಮಾಡುತ್ತಾರೆ. ಒಂದೊಂದಕ್ಕೂ ರಟ್ಟಿನ ತುಂಡಿನಲ್ಲಿ ಹೆಸರು ಬರೆದು ದಾರದಲ್ಲಿ ಕಟ್ಟುತ್ತಾರೆ. ಮಗಳ ಚೀಲದ ಮೇಲೆ ಹೆಸರಿನ ಕೆಳಗೆ ಅವಳ ವಯಸ್ಸನ್ನೂ ಬರೆಯುತ್ತಾರೆ. ಅದಕ್ಕೂ ಕಾರಣ ಇದೆ. ಬ್ರಿಟನ್ನಿನಲ್ಲಿ ಚಿಕ್ಕ ಮಕ್ಕಳ ಬಟ್ಟೆ, ಚಪ್ಪಲಿಗೆ ವ್ಯಾಟ್ ಸೊನ್ನೆ. ಹೊರಗಿಂದ ಬಂದರೂ ಅಷ್ಟೇ. ಮೊಮ್ಮಗಳಿಗೆ ಕಳಿಸಿದ ರೇಷ್ಮೆ ಲಂಗ 39 ಪೌಂಡ್ ದಾಟಿದರೂ, ಅದು ಮಗುವಿನ ಬಟ್ಟೆ ಅಂತ ಫಾರಂ ನೋಡಿದವರಿಗೆ ತಿಳಿಯುವಂತಿದ್ದರೆ ವ್ಯಾಟ್ ಹಾಕುವಂತಿಲ್ಲ. ಸುಮ್ನೆ 'ಡ್ರೆಸ್' ಅಂತ ಬರೆದರೆ ಅವರಿಗೆ ಹೇಗೆ ಗೊತ್ತಾಗಬೇಕು? ಪುಸ್ತಕಗಳಿಗೂ ವ್ಯಾಟ್ ಇಲ್ಲ. ಮಕ್ಕಳಿಗೆ ಕನ್ನಡ ಕಥೆ ಪುಸ್ತಕ, ಕಾಗುಣಿತ ಪುಸ್ತಕ ಧಾರಾಳವಾಗಿ ತರಿಸಿ. ಬಟ್ಟೆಯ ಜೊತೆ ಬೆರೆಸದೆ ಬೇರೆ ಕಟ್ಟು ಮಾಡಿಸಿದರೆ ಇನ್ನೂ ಒಳ್ಳೆಯದು.

ತಿಂಡಿಯ ವಿಷಯಕ್ಕೆ ಬಂದರೆ ಇಲ್ಲಿ ಪ್ರಶ್ನೆ ತೆರಿಗೆಯದ್ದಲ್ಲ, ಒಳಗೆ ಬಿಡುತ್ತಾರೋ ಇಲ್ಲವೋ ಅನ್ನುವುದು. ಭಾರತದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಅಂಚೆಯಲ್ಲಿ ತರಿಸುವಂತಿಲ್ಲ. ಹಾಲಿನ ಪದಾರ್ಥ ಅಂದರೆ ನಮ್ಮ ಜನ ಹಾಲು, ಮೊಸರು ಅಂದುಕೊಳ್ಳುತ್ತಾರೆ. ಮನೆಯಲ್ಲಿ ಕಾಯಿಸಿದ ತುಪ್ಪದ ಡಬ್ಬಿಯೂ ಅದೇ. ಖೋವಾ ಹಾಕಿದ ಸಿಹಿಯೂ ಅದೇ. ಧಾರವಾಡ ಪೇಡ ಅಂದರೆ ಪೂರ್ತಿ ಹಾಲೇ ಅಲ್ವಾ? ಸಿಕ್ಕಿಬಿದ್ದರೆ ತೆಗೆದು ನಾಶ ಮಾಡುತ್ತಾರೆ. ಅಜ್ಜಿ ಒಲೆ ಮುಂದೆ ನಿಂತು ಮಾಡಿದ್ದು ಹಾಗೆ ಹೋಗುವುದು ಬೇಡ. ಚಕ್ಲಿ, ಕೋಡುಬಳೆಗೆ ಬೆಣ್ಣೆಯ ಬದಲು ಎಣ್ಣೆ ಹಾಕಿ ಮಾಡಿದರೆ ನಿಶ್ಚಿಂತೆ. ಹಪ್ಪಳ, ಚಟ್ನಿಪುಡಿ, ಸಾರಿನ ಪುಡಿಗಳನ್ನು ಗಟ್ಟಿಯಾಗಿ ಸೀಲ್ ಮಾಡಿಸಿ, ಮೇಲೆ ಹೆಸರು ಬರೆಸಿ ಕಳಿಸಿ. ಮಿಡಿ ಉಪ್ಪಿನಕಾಯಿ ಸೋರಿದರೆ ಸೀರೆಯ ಗತಿ ಮುಗಿಯಿತು, ಅದನ್ನು ಬಟ್ಟೆಯ ಜೊತೆ ಇಡಲೇಬೇಡಿ. ಹಿತ್ತಲಿಗೆ ಅಂತ ಬಸಳೆ, ಹೀರೆ ಬೀಜ ಕಾಗದದಲ್ಲಿ ಸುತ್ತಿ ಹಾಕುವ ಅಭ್ಯಾಸವೂ ಇದೆ. ಬೀಜ, ಗಿಡಗಳಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು, ಅದಿಲ್ಲದೆ ಬೇಡ. ಹೊಗೆಸೊಪ್ಪು, ಮದ್ಯಕ್ಕೆ ಯಾವ ವಿನಾಯಿತಿಯನ್ನೂ ನಂಬಬೇಡಿ. ಉಡುಗೊರೆಯಾದರೂ ಅಬಕಾರಿ ಸುಂಕ ಇದೆ.

ಕೌಂಟರಿನಲ್ಲಿ: ಫಾರಂ ತುಂಬುವ ಹೊತ್ತು

ಹೆಡ್ ಪೋಸ್ಟ್ ಆಫೀಸಿಗೆ ಹೋಗುವಾಗ ಪೆಟ್ಟಿಗೆಗೆ ಪೂರ್ತಿ ಟೇಪ್ ಹಾಕದೆ ಹೋಗಲಿ, ಒಳಗೇನಿದೆ ತೋರಿಸಿ ಅನ್ನಬಹುದು. ಟೇಪು, ಕತ್ತರಿ ಕೈಯಲ್ಲಿರಲಿ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ, ಅಂಗಡಿ ಬಿಲ್ಲುಗಳ ಪ್ರತಿ, ಇಲ್ಲಿಯ ವಿಳಾಸ, ಪೋಸ್ಟ್‌ಕೋಡ್, ನಿಮ್ಮ ಮೊಬೈಲ್ ನಂಬರ್ ಒಂದೇ ಹಾಳೆಯಲ್ಲಿ ಇರಲಿ.

ಕಸ್ಟಮ್ಸ್ ಫಾರಂ ಎರಡು ಥರ. ಸಣ್ಣ ಪ್ಯಾಕೆಟ್ಟಿಗೆ ಸಿಎನ್22, ಪಾರ್ಸೆಲ್‌ಗೆ, ಹೆಚ್ಚು ಬೆಲೆಯದಕ್ಕೆ ಸಿಎನ್23. ಎರಡರಲ್ಲೂ ಮುಖ್ಯವಾದದ್ದು ಒಂದೇ: ಏನು, ಎಷ್ಟು, ಎಷ್ಟು ತೂಕ, ಎಷ್ಟು ಬೆಲೆ. ಜೊತೆಗೆ ಗಿಫ್ಟ್ ಅನ್ನುವ ಚೌಕದಲ್ಲಿ ಗುರುತು. ಕೌಂಟರಿನಲ್ಲಿ ಸಾಲು ಇರುತ್ತೆ, ಹಿಂದೆ ನಿಂತವರ ಗಡಿಬಿಡಿಯೂ ಇರುತ್ತೆ. ಅಲ್ಲೇ ಯೋಚಿಸಿ ಬರೆಯಲು ಆಗುವುದಿಲ್ಲ. ಹಿಂದಿನ ರಾತ್ರಿಯೇ ನಾನು ಅಮ್ಮನಿಗೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸುತ್ತೇನೆ, ಅವರು ನೋಡಿ ಬರೆಯುತ್ತಾರೆ. ಕಳೆದ ಸಲದ ಸಾಲುಗಳು ಹೀಗಿದ್ದವು: 'ವುಮೆನ್ಸ್ ಕಾಟನ್ ಸಾರಿ, 1, ದೀಪಾವಳಿ ಗಿಫ್ಟ್', ಮುಂದೆ ನನ್ನ ಹೆಸರು, ಬೆಲೆ. 'ಚೈಲ್ಡ್ಸ್ ಸ್ಕರ್ಟ್ ಅಂಡ್ ಬ್ಲೌಸ್, ಏಜ್ 6', ಮಗಳ ಹೆಸರು, ಬೆಲೆ. 'ಮಿಕ್ಸ್ಡ್ ಕುಕಿಂಗ್ ಸ್ಪೈಸಸ್, 500 ಗ್ರಾಂ', ನಮ್ಮವರ ಹೆಸರು, ಬೆಲೆ. ಬರೀ 'ಪೌಡರ್' ಅಂತ ಬರೆದರೆ ಯಾವ ದೇಶದ ಅಧಿಕಾರಿಯಾದರೂ ಪೆಟ್ಟಿಗೆ ಬಿಚ್ಚಿ ನೋಡಬೇಕಾಗುತ್ತದೆ.

ಬೆಲೆ ಕಡಿಮೆ ಬರೆಯಿರಿ ಅಂತ ಹೇಳುವವರು ಬಹಳ ಜನ ಸಿಗುತ್ತಾರೆ. ನಮ್ಮ ಅತ್ತೆಯವರು ಒಮ್ಮೆ ಊರಿನ ಕೊರಿಯರ್ ಏಜೆಂಟರ ಹತ್ತಿರ ಕೊಟ್ಟಿದ್ದರು. 'ಅಮ್ಮಾ, ನಾವೇ ಬರ್ಕೋತೀವಿ ಬಿಡಿ' ಅಂದವರು 7,000 ರೂಪಾಯಿಯ ವಸ್ತುಗಳಿಗೆ 500 ಅಂತ ಬರೆದಿದ್ದರು. ಪಾರ್ಸೆಲ್ ದಾರಿಯಲ್ಲೇ ಕಳೆದುಹೋಯಿತು. ಪರಿಹಾರ ಕೇಳಿದರೆ ಫಾರಂ ತೋರಿಸಿ 500ರ ಮೇಲೆ ಮಾತೇ ಆಡಲಿಲ್ಲ. ಇನ್ನೊಂದು ಕಡೆ, ಬೆಲೆ ಸುಳ್ಳು ಅಂತ ಇಲ್ಲಿನವರಿಗೆ ಅನ್ನಿಸಿದರೆ ಪಾರ್ಸೆಲ್ ತಡೆಹಿಡಿಯಬಹುದು, ಮುಟ್ಟುಗೋಲು ಹಾಕಿಕೊಳ್ಳಬಹುದು. ಜರಿ ಸೀರೆ ನೋಡಿ 300 ರೂಪಾಯಿ ಅಂತ ಯಾರೂ ನಂಬುವುದಿಲ್ಲ. ನಿಜವಾದ ಬೆಲೆ ಬರೆದು, ಬೇರೆ ಬೇರೆ ಕಟ್ಟು ಮಾಡುವುದೇ ಒಳ್ಳೆಯ ದಾರಿ. ಅಜ್ಜಿ ಉಟ್ಟ ಹಳೆಯ ಸೀರೆಯಾದರೆ 'ಯೂಸ್ಡ್' ಅಂತ ಸೇರಿಸಿ, ಈಗ ಅದಕ್ಕೆ ಎಷ್ಟು ಬರಬಹುದೋ ಅಷ್ಟು ಹಾಕಿ.

ರಸೀದಿ ಮತ್ತು ತುಂಬಿದ ಫಾರಂ ಎರಡರ ಫೋಟೊ ತೆಗೆದು ವಾಟ್ಸಾಪ್ ಮಾಡಲು ಹೇಳಿ. ಪೆಟ್ಟಿಗೆ ಮುಚ್ಚುವ ಮೊದಲು ಒಳಗಿನ ಕಟ್ಟುಗಳ ಫೋಟೊ ಕೂಡ. ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ಕಾರ್ಡ್ ಬಂದರೆ

ತೆರಿಗೆ ಇದ್ದರೆ ರಾಯಲ್ ಮೇಲ್ ಅಥವಾ ಪಾರ್ಸೆಲ್‌ಫೋರ್ಸ್ ನಿಮಗೆ ತಿಳಿಸುತ್ತದೆ. ಭಾರತೀಯ ಅಂಚೆಯಲ್ಲಿ ಬಂದದ್ದು ಇವರಿಬ್ಬರಲ್ಲಿ ಒಬ್ಬರ ಕೈಯಿಂದಲೇ ಮನೆಗೆ ಬರುತ್ತದೆ. ಕಾರ್ಡಿನಲ್ಲಿರುವ ನಂಬರ್ ಹಾಕಿ ಆನ್‌ಲೈನ್‌ನಲ್ಲೇ ಹಣ ಕಟ್ಟಿ, ಮನೆಗೆ ತಂದುಕೊಡುವ ದಿನ ಆರಿಸಬಹುದು. ಸಾಮಾನ್ಯವಾಗಿ ಮೂರು ವಾರ ಇಟ್ಟುಕೊಂಡಿರುತ್ತಾರೆ. ಅಷ್ಟರಲ್ಲಿ ಕಟ್ಟದಿದ್ದರೆ ಪಾರ್ಸೆಲ್ ಊರಿಗೆ ವಾಪಸ್. ಊರಿಗೆ ರಜೆಗೆ ಹೋಗುವ ಹೊತ್ತಿಗೆ ಪಾರ್ಸೆಲ್ ಹಾಕಿಸಬೇಡಿ ಅನ್ನುವುದು ಅದಕ್ಕೇ.

ಖಾಸಗಿ ಕೊರಿಯರ್‌ನಲ್ಲಿ ಬಂದರೆ ಅವರೇ ತೆರಿಗೆ ಕಟ್ಟಿ ನಿಮ್ಮಿಂದ ವಸೂಲಿ ಮಾಡುತ್ತಾರೆ. ಅವರ ಸೇವಾ ಶುಲ್ಕ ಅಂಚೆಯದಕ್ಕಿಂತ ಜಾಸ್ತಿ ಇರಬಹುದು, ಊರಲ್ಲಿ ಬುಕ್ ಮಾಡುವಾಗಲೇ ಕೇಳಿ. 'ಡ್ಯೂಟಿ ಎಲ್ಲಾ ಸೇರಿದೆ' ಅಂದರೆ ರಸೀದಿಯಲ್ಲಿ ಬರೆದುಕೊಡಿ ಅನ್ನಿ.

ಮೋಸದ ಮೆಸೇಜಿನ ಬಗ್ಗೆ ಒಂದು ಮಾತು, ಇದಕ್ಕೆ ಓದಿದವರೂ ಬೀಳುತ್ತಾರೆ. 'ನಿಮ್ಮ ಪಾರ್ಸೆಲ್ ನಿಂತಿದೆ, 2 ಪೌಂಡ್ ಕಟ್ಟಿ' ಅಂತ ಲಿಂಕ್ ಬರುತ್ತದೆ. ನಿಜಕ್ಕೂ ಊರಿಂದ ಪಾರ್ಸೆಲ್ ಬರುವುದಿದ್ದರೆ ಕೈ ತಾನಾಗಿ ಲಿಂಕ್ ಒತ್ತುತ್ತದೆ. ಒತ್ತಬೇಡಿ. ಅಮ್ಮ ಕಳಿಸಿದ ರಸೀದಿಯ ನಂಬರ್ ಇದೆಯಲ್ಲ, ಅದನ್ನು ರಾಯಲ್ ಮೇಲ್‌ನ ವೆಬ್‌ಸೈಟಿನಲ್ಲಿ ನೀವೇ ಟೈಪ್ ಮಾಡಿ ನೋಡಿ. ಅಲ್ಲಿ ಬಾಕಿ ತೋರಿಸದಿದ್ದರೆ ಆ ಮೆಸೇಜನ್ನು ಮೋಸದ ಮೆಸೇಜುಗಳ ದೂರಿಗಾಗಿ ಇರುವ 7726 ನಂಬರಿಗೆ ಫಾರ್ವರ್ಡ್ ಮಾಡಿ ಅಳಿಸಿ. ಅದಕ್ಕೆ ಖರ್ಚಿಲ್ಲ.

ಲೆಕ್ಕ ತಪ್ಪಿದ್ದರೆ

ಮಗುವಿನ ಬಟ್ಟೆಗೆ ವ್ಯಾಟ್ ಹಾಕಿದ್ದರೆ, ಮೂರು ಜನರ ಉಡುಗೊರೆಯನ್ನು ಒಂದೇ ಅಂತ ಲೆಕ್ಕ ಹಿಡಿದಿದ್ದರೆ, ಹಣ ವಾಪಸ್ ಕೇಳುವ ಹಕ್ಕು ನಿಮಗಿದೆ. ಪಾರ್ಸೆಲ್ ಬಿಡಿಸಿಕೊಂಡು ಆಮೇಲೆ ಕೇಳಿದರೂ ನಡೆಯುತ್ತದೆ. ರಾಯಲ್ ಮೇಲ್ ಅಥವಾ ಪಾರ್ಸೆಲ್‌ಫೋರ್ಸ್‌ನಲ್ಲಿ ಬಂದಿದ್ದರೆ ಬಿಒಆರ್286 ಅನ್ನುವ ಫಾರಂ, ಅದು ಗಡಿಯಲ್ಲಿ ಪಾರ್ಸೆಲ್ ತಪಾಸಣೆ ಮಾಡುವ ಬಾರ್ಡರ್ ಫೋರ್ಸ್‌ಗೆ ಹೋಗುತ್ತದೆ. ಕೊರಿಯರ್‌ನಲ್ಲಿ ಬಂದಿದ್ದರೆ ಸಿ285. ಎರಡೂ ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಸಿಗುತ್ತವೆ.

ಪಾರ್ಸೆಲ್ ಬಂದ ಖುಷಿಯಲ್ಲಿ ಹೊರಗಿನ ಕಾಗದ ಹರಿದು ಎಸೆಯಬೇಡಿ. ಎಷ್ಟು ತೆರಿಗೆ ಹಾಕಿದ್ದಾರೆ ಅನ್ನುವ ಚೀಟಿ ಅದರ ಮೇಲೇ ಅಂಟಿರುತ್ತದೆ. ವಾಪಸ್ ಕೇಳುವಾಗ ಆ ಚೀಟಿ, ಕಸ್ಟಮ್ಸ್ ಫಾರಂ, ಅಂಗಡಿ ಬಿಲ್ಲಿನ ಪ್ರತಿ, ಅಮ್ಮ ತೆಗೆದ ಫೋಟೊ, ಯಾವ ಉಡುಗೊರೆ ಯಾರಿಗೆ ಅಂತ ಅಮ್ಮನೇ ಬರೆದ ನಾಲ್ಕು ಸಾಲಿನ ಪತ್ರ ಎಲ್ಲವನ್ನೂ ಜೊತೆಗೆ ಇಡಿ. ಪತ್ರ ಕನ್ನಡದಲ್ಲಿದ್ದರೆ ಕೆಳಗೆ ನೀವು ಇಂಗ್ಲಿಷಿನಲ್ಲಿ ಅರ್ಥ ಬರೆಯಿರಿ. ಕಳಿಸುವ ಮೊದಲು ಪ್ರತಿಯೊಂದರ ಫೋಟೊ ನಿಮ್ಮ ಹತ್ತಿರವೂ ಇರಲಿ.